ಮನೆಗೆ, ಆಫೀಸಿಗೆ ವೈ-ಫೈ 7: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಮನೆ ಕಟ್ಟಿಸುತ್ತಿರುವವರು, ಹಳೆಯ ರೌಟರ್ ಕೈಕೊಟ್ಟವರು, ಇಪ್ಪತ್ತು ಮೂವತ್ತು ಜನರ ಆಫೀಸಿಗೆ ನೆಟ್‌ವರ್ಕ್ ಹಾಕಿಸಬೇಕಾದವರು ಈಗ ಕೇಳುವುದೆಲ್ಲ ವೈ-ಫೈ 7ರ ಸುತ್ತಲೇ. ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ.

ವೈ-ಫೈ 7 ಅಂದರೆ ಏನು? ಈಗಿರುವುದಕ್ಕಿಂತ ಹೇಗೆ ಬೇರೆ?

ವೈ-ಫೈನ ಮೊದಲ ಮಾನದಂಡ ಬಂದದ್ದು 1997ರಲ್ಲಿ. ಆಗಿನ ಗರಿಷ್ಠ ವೇಗ ಸೆಕೆಂಡಿಗೆ 2 ಮೆಗಾಬಿಟ್. ಅಲ್ಲಿಂದ ಎಂಜಿನಿಯರುಗಳ ಐಟ್ರಿಪಲ್‌ಇ ಸಂಸ್ಥೆ ಅದನ್ನು ಪರಿಷ್ಕರಿಸುತ್ತಲೇ ಬಂದಿದೆ. 2009ರ 802.11ಎನ್ ಈಗ ವೈ-ಫೈ 4, 2013ರ 802.11ಎಸಿ ವೈ-ಫೈ 5, ಅದರ ಮುಂದಿನ 802.11ಎಎಕ್ಸ್ ವೈ-ಫೈ 6. ವೈ-ಫೈ 7 ಎಂದರೆ 802.11ಬಿಇ. ಇದಕ್ಕೆ ಪ್ರಮಾಣಪತ್ರ ಕೊಡುವುದನ್ನು ಕಂಪನಿಗಳ ಒಕ್ಕೂಟವಾದ ವೈ-ಫೈ ಅಲಯನ್ಸ್ 2024ರ ಜನವರಿಯಲ್ಲಿ ಆರಂಭಿಸಿತು.

ಬದಲಾವಣೆಗಳಲ್ಲಿ ಮೊದಲನೆಯದು ಚಾನೆಲ್ಲಿನ, ಅಂದರೆ ಮಾಹಿತಿ ಹರಿಯುವ ದಾರಿಯ, ಅಗಲ. ವೈ-ಫೈ 6ರಲ್ಲಿ ಒಂದು ಚಾನೆಲ್ ಹೆಚ್ಚೆಂದರೆ 160 ಮೆಗಾಹರ್ಟ್ಸ್ ಇರುತ್ತಿತ್ತು, ಈಗ 320ರವರೆಗೆ ಹೋಗಬಹುದು. ಆದರೆ ವೈ-ಫೈ ಬಳಸುವ 2.4, 5, 6 ಗಿಗಾಹರ್ಟ್ಸ್ ಎಂಬ ಮೂರು ಬ್ಯಾಂಡ್‌ಗಳಲ್ಲಿ (ಆವರ್ತನ ಪಟ್ಟಿಗಳಲ್ಲಿ) ಅಷ್ಟು ಜಾಗ ಇರುವುದು 6ರಲ್ಲಿ ಮಾತ್ರ. ಎರಡನೆಯದು, ಅಲೆಯ ಒಂದೊಂದು ಮಿಡಿತಕ್ಕೆ 10 ಬಿಟ್ ಬದಲು 12 ಬಿಟ್ ತುಂಬುವ 4096-ಕ್ಯೂಎಎಂ ವಿಧಾನ. ಇದರಿಂದ ವೇಗ ಶೇ 20ರಷ್ಟು ಹೆಚ್ಚುತ್ತದೆ, ಸಿಗ್ನಲ್ ತುಂಬ ಚೆನ್ನಾಗಿದ್ದರೆ, ಅಂದರೆ ರೌಟರ್ ಇರುವ ಕೋಣೆಯಲ್ಲೇ ಕುಳಿತಿದ್ದರೆ. ಮೂರನೆಯದು, ಅಗಲವಾದ ಚಾನೆಲ್ಲಿನ ಒಂದು ತುಣುಕನ್ನು ಪಕ್ಕದ ಮನೆಯವರು ಬಳಸುತ್ತಿದ್ದರೆ ಅಷ್ಟನ್ನೇ ಬಿಟ್ಟು ಉಳಿದದ್ದನ್ನು ಬಳಸಿಕೊಳ್ಳುವ ಜಾಣತನ. ನಾಲ್ಕನೆಯದು ಮಲ್ಟಿ ಲಿಂಕ್ ಆಪರೇಷನ್, ಎಂಎಲ್‌ಒ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಇದೇ. ಮುಂದೆ ವಿವರವಾಗಿ ಬರುತ್ತದೆ.

ಜಾಹೀರಾತಿನಲ್ಲಿ 46 ಗಿಗಾಬಿಟ್ ಅನ್ನುತ್ತಾರೆ. ನನ್ನ ಫೋನಿಗೆ ಅದು ಸಿಗುತ್ತದೆಯೇ?

ಇಲ್ಲ. ಅದು ಹದಿನಾರು ಆಂಟೆನಾ ಧಾರೆಗಳನ್ನು ಒಟ್ಟಿಗೆ ಲೆಕ್ಕ ಹಾಕಿ ಬರೆದ ಕಾಗದದ ಮೇಲಿನ ಸಂಖ್ಯೆ. ಫೋನಿನಲ್ಲಿ, ಲ್ಯಾಪ್‌ಟಾಪಿನಲ್ಲಿ ಇರುವುದು ಎರಡೇ ಧಾರೆ. ಎರಡು ಧಾರೆಗೆ, ಪೂರ್ತಿ 320 ಮೆಗಾಹರ್ಟ್ಸ್ ಸಿಕ್ಕರೆ ಲಿಂಕ್ ವೇಗ ಸುಮಾರು 5.7 ಗಿಗಾಬಿಟ್. 160 ಸಿಕ್ಕರೆ 2.88. ಅದರಲ್ಲೂ ನಿಜವಾಗಿ ಫೈಲ್ ಇಳಿಯುವ ವೇಗ ಅರ್ಧದಿಂದ ಮುಕ್ಕಾಲು ಪಾಲು, ಅದೂ ಹತ್ತಿರದಿಂದ.

ರೌಟರ್ ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನೂ ಬಿಡಿಸಿ ನೋಡಬೇಕು. ಅಗ್ಗದ ವೈ-ಫೈ 7 ರೌಟರುಗಳ ಮೇಲೆ ಸಾಮಾನ್ಯವಾಗಿ ‘ಬಿಇ3600’ ಎಂದಿರುತ್ತದೆ. ಇದು 2.4 ಗಿಗಾಹರ್ಟ್ಸ್‌ನ 688 ಮತ್ತು 5 ಗಿಗಾಹರ್ಟ್ಸ್‌ನ 2882 ಮೆಗಾಬಿಟ್ ಕೂಡಿಸಿ ದುಂಡಗೆ ಮಾಡಿದ ಲೆಕ್ಕ. ಅಂದರೆ ಆ ಪೆಟ್ಟಿಗೆಯಲ್ಲಿ 6 ಗಿಗಾಹರ್ಟ್ಸ್ ಇಲ್ಲವೇ ಇಲ್ಲ. ವೈ-ಫೈ 7ರ ಹೆಸರು ಹಾಕಿಕೊಳ್ಳಲು 6 ಗಿಗಾಹರ್ಟ್ಸ್ ಕಡ್ಡಾಯವಲ್ಲ ಎಂಬುದನ್ನು ಅಂಗಡಿಯವರು ಹೇಳುವುದು ಕಡಿಮೆ. ‘ಟ್ರೈ ಬ್ಯಾಂಡ್’ ಎಂದಿದ್ದರೂ ಮೂರನೆಯದು ಎರಡನೇ 5 ಗಿಗಾಹರ್ಟ್ಸೋ, ನಿಜವಾದ 6 ಗಿಗಾಹರ್ಟ್ಸೋ ಎಂದು ಕೇಳಿ, ಪೆಟ್ಟಿಗೆ ತಿರುಗಿಸಿ ಓದಿ.

ನಮ್ಮ ಮನೆಯದು 100 ಎಂಬಿಪಿಎಸ್ ಪ್ಲಾನ್. ರೌಟರ್ ಬದಲಾಯಿಸಿದರೆ ವೇಗ ಹೆಚ್ಚುತ್ತದೆಯೇ?

ಹೊರಗಿನಿಂದ ಬರುವುದೇ 100 ಇರುವಾಗ ಒಳಗೆ ಏನೇ ಇಟ್ಟರೂ ಇಂಟರ್ನೆಟ್ 100 ದಾಟುವುದಿಲ್ಲ. ಮೊದಲು ಒಂದು ಪರೀಕ್ಷೆ ಮಾಡಿ. ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್ಲಿನಲ್ಲಿ ನೇರವಾಗಿ ರೌಟರಿಗೆ ಸಿಕ್ಕಿಸಿ ಸ್ಪೀಡ್ ಟೆಸ್ಟ್ ಮಾಡಿ. ಆಮೇಲೆ ಮಲಗುವ ಕೋಣೆಗೆ ಹೋಗಿ ಫೋನಿನಲ್ಲಿ ಅದೇ ಟೆಸ್ಟ್ ಮಾಡಿ. ಕೇಬಲ್ಲಿನಲ್ಲಿ 95 ಬಂದು ಕೋಣೆಯಲ್ಲಿ 10 ಬಂದರೆ ತೊಂದರೆ ಗೋಡೆಯದು ಅಥವಾ ರೌಟರ್ ಇಟ್ಟ ಜಾಗದ್ದು. ಕೇಬಲ್ಲಿನಲ್ಲೇ 30 ಬಂದರೆ ಫೋನ್ ಮಾಡಬೇಕಾದದ್ದು ಇಂಟರ್ನೆಟ್ ಕೊಡುವವರಿಗೆ, ಹೊಸ ರೌಟರಿಗೆ ದುಡ್ಡು ಹಾಕಬೇಡಿ.

ಹಾಗಾದರೆ ವೈ-ಫೈ 7ರಿಂದ ನಿಜವಾದ ಲಾಭ ಏನು?

ತಡವರಿಸದೆ ನಡೆಯುವುದು. ವೇಗದ ಸಂಖ್ಯೆಗಿಂತ ಇದು ದೊಡ್ಡ ಲಾಭ.

ವೈ-ಫೈನಲ್ಲಿ ಒಂದು ಚಾನೆಲ್ಲಿನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು. ಉಳಿದವರು ಗಾಳಿ ಖಾಲಿಯಿದೆಯೇ ಎಂದು ಕೇಳಿಸಿಕೊಳ್ಳುತ್ತಾ ಕಾಯುತ್ತಾರೆ. ಬೀದಿಯ ಒಂದೇ ನಲ್ಲಿಯ ಮುಂದೆ ಬಿಂದಿಗೆ ಸಾಲಿಟ್ಟ ಹಾಗೆ. ನಿಮ್ಮ ಬಿಂದಿಗೆ ಎಷ್ಟೇ ದೊಡ್ಡದಿದ್ದರೂ ಸರದಿ ಬರುವ ತನಕ ನೀರಿಲ್ಲ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ನಿಂತು ಫೋನ್ ತೆರೆದರೆ ಅಕ್ಕಪಕ್ಕ, ಮೇಲೆ ಕೆಳಗಿನ ಹತ್ತಾರು ಮನೆಗಳ ವೈ-ಫೈ ಹೆಸರು ಕಾಣುತ್ತದೆ. ಅವೆಲ್ಲ ಈ ಮೂರು ಚಾನೆಲ್‌ಗಳಿಗೇ ಜೋತುಬಿದ್ದಿರುತ್ತವೆ. ಜೊತೆಗೆ ಬ್ಲೂಟೂತ್, ಮೈಕ್ರೋವೇವ್ ಒಲೆ. ವಿಡಿಯೊ ಕಾಲಿನಲ್ಲಿ ಮುಖ ಕಲ್ಲಾಗಿ ನಿಲ್ಲುವುದಕ್ಕೆ ಬಹಳ ಸಲ ಕಾರಣ ಈ ಕಾಯುವಿಕೆ.

ಎಂಎಲ್‌ಒ ಬರುವುದು ಇಲ್ಲಿ. ಈವರೆಗೆ ನಿಮ್ಮ ಫೋನ್ 2.4ಕ್ಕೆ ಸೇರಿದರೆ ಅಲ್ಲೇ, 5ಕ್ಕೆ ಸೇರಿದರೆ ಅಲ್ಲೇ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಕೈಬಿಟ್ಟು ಮತ್ತೆ ಹಿಡಿಯಬೇಕು, ಆ ಕ್ಷಣದಲ್ಲಿ ಕಾಲ್ ತುಂಡಾಗುತ್ತದೆ. ವೈ-ಫೈ 7ರಲ್ಲಿ ಒಂದೇ ಸಂಪರ್ಕ ಎರಡು ಮೂರು ಬ್ಯಾಂಡ್‌ಗಳ ಮೇಲೆ ಹರಡಿಕೊಂಡಿರುತ್ತದೆ. ಒಂದು ಬ್ಯಾಂಡ್ ಗಿಜಿಗುಟ್ಟುತ್ತಿದ್ದರೆ ಮುಂದಿನ ಪ್ಯಾಕೆಟ್ (ಮಾಹಿತಿಯ ತುಣುಕು) ಇನ್ನೊಂದರಲ್ಲಿ ಹೋಗುತ್ತದೆ. ಕೆಲವು ಸಾಧನಗಳು ಎರಡೂ ಬ್ಯಾಂಡಿನಲ್ಲಿ ಏಕಕಾಲಕ್ಕೆ ಕಳಿಸಿ ತರುತ್ತವೆ. ಫೋನುಗಳು ಸಾಮಾನ್ಯವಾಗಿ ಎರಡನ್ನೂ ಕೇಳಿಸಿಕೊಂಡಿದ್ದು, ಯಾವುದು ಬಿಡುವಾಗಿದೆಯೋ ಅದಕ್ಕೆ ಚಕ್ಕನೆ ಹೊರಳುವ ವಿಧಾನ ಬಳಸುತ್ತವೆ. ಆನ್‌ಲೈನ್ ಆಟ, ಮನೆಯಿಂದ ಆಫೀಸ್ ಕೆಲಸ, ಇಂಟರ್ವ್ಯೂ, ದೂರದಲ್ಲಿರುವ ಮಗಳೊಂದಿಗೆ ಮಾತು, ಇವೆಲ್ಲಕ್ಕೂ ಬೇಕಾದದ್ದು ಈ ಸ್ಥಿರತೆ. ಆದರೆ ರೌಟರ್ ಮತ್ತು ಫೋನ್ ಎರಡೂ ವೈ-ಫೈ 7 ಆಗಿದ್ದರೆ ಮಾತ್ರ ಇದು ಸಿಗುತ್ತದೆ.

6 ಗಿಗಾಹರ್ಟ್ಸ್ ನಮ್ಮ ದೇಶದಲ್ಲಿ ಬಳಸಬಹುದೇ?

ಬಳಸಬಹುದು, ಕೆಳಗಿನ ಭಾಗವನ್ನು ಮಾತ್ರ. ಸ್ವಲ್ಪ ಹಿಂದಿನ ಕತೆ ಗೊತ್ತಿದ್ದರೆ ಇದು ಸರಿಯಾಗಿ ಅರ್ಥವಾಗುತ್ತದೆ. ಭಾರತದಲ್ಲಿ 2.4 ಗಿಗಾಹರ್ಟ್ಸ್ ಅನ್ನು ಪರವಾನಗಿಯಿಂದ ಮುಕ್ತಗೊಳಿಸಿದ್ದು 2005ರಲ್ಲಿ. 2018ರ ಅಕ್ಟೋಬರಿನಲ್ಲಿ 5 ಗಿಗಾಹರ್ಟ್ಸ್‌ನಲ್ಲಿ ಒಟ್ಟು 605 ಮೆಗಾಹರ್ಟ್ಸ್ ತೆರೆದುಕೊಂಡಿತು. 6 ಗಿಗಾಹರ್ಟ್ಸ್ ವಿಷಯದಲ್ಲಿ ಅಮೆರಿಕ 2020ರಲ್ಲೇ 5925ರಿಂದ 7125ರವರೆಗಿನ ಪೂರ್ತಿ 1200 ಮೆಗಾಹರ್ಟ್ಸ್ ಬಿಟ್ಟುಕೊಟ್ಟಿತು. ಯುರೋಪ್ 2021ರಲ್ಲಿ ಕೆಳಗಿನ 480 ಮಾತ್ರ. ನಮ್ಮ ದೂರಸಂಪರ್ಕ ಇಲಾಖೆ 5925ರಿಂದ 6425ರವರೆಗಿನ 500 ಮೆಗಾಹರ್ಟ್ಸ್‌ಗೆ 2025ರ ಮೇ ತಿಂಗಳಲ್ಲಿ ಕರಡು ನಿಯಮ ಹೊರಡಿಸಿ, 2026ರ ಜನವರಿಯಲ್ಲಿ ಅಂತಿಮಗೊಳಿಸಿತು.

ಷರತ್ತುಗಳಿವೆ. ಒಳಾಂಗಣದಲ್ಲಿ ಕಡಿಮೆ ಶಕ್ತಿಯಲ್ಲಿ, ಹೆಚ್ಚೆಂದರೆ 1 ವಾಟ್‌ನಷ್ಟು. ಹೊರಗೆ ಬಳಸಿದರೆ 25 ಮಿಲಿವಾಟ್‌ನಷ್ಟು ಅತಿ ಕಡಿಮೆ ಶಕ್ತಿಯಲ್ಲಿ. ವಾಹನ, ದೋಣಿಗಳಲ್ಲಿ, ಸಮುದ್ರದ ತೈಲ ವೇದಿಕೆಗಳಲ್ಲಿ ಬಳಸುವಂತಿಲ್ಲ, ಡ್ರೋನ್ ನಿಯಂತ್ರಣಕ್ಕೂ ಇಲ್ಲ. ಇಷ್ಟು ಬಿಗಿ ಯಾಕೆಂದರೆ, ನೆಲದಿಂದ ಸಿ-ಬ್ಯಾಂಡ್ ಉಪಗ್ರಹಗಳಿಗೆ ಸಂಕೇತ ಏರುವುದು ಇದೇ 5925–6425ರಲ್ಲಿ. ನಮ್ಮ ಸಂಪರ್ಕ ಉಪಗ್ರಹಗಳನ್ನು ಹಾಸನದಲ್ಲಿರುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ನೋಡಿಕೊಳ್ಳುತ್ತದೆ. ಲಕ್ಷಾಂತರ ರೌಟರುಗಳ ಸದ್ದು ಒಟ್ಟುಗೂಡಿ ಮೇಲಿರುವ ಉಪಗ್ರಹದ ಕಿವಿಗೆ ಅಡ್ಡಬರಬಾರದು. ಗೋಡೆಯೊಳಗೆ, ಕಡಿಮೆ ಶಕ್ತಿಯಲ್ಲಿ ಎಂಬ ನಿಯಮ ಅದಕ್ಕಾಗಿ. ಇದನ್ನು ನಾವು ಗೌರವಿಸಬೇಕು.

500 ಮೆಗಾಹರ್ಟ್ಸ್‌ನಲ್ಲಿ 320ರ ಚಾನೆಲ್ ಒಂದೇ ಹಿಡಿಸುತ್ತದೆ, 160ರವು ಮೂರು. ಒಂಟಿ ಮನೆಗೆ 320 ಸರಿ. ಅಪಾರ್ಟ್‌ಮೆಂಟಿನಲ್ಲಿ ಎಲ್ಲರೂ ಆ ಒಂದಕ್ಕೇ ಬಿದ್ದರೆ ಮತ್ತೆ ಹಳೆಯ ಪಾಡು. 160ಕ್ಕೆ ಇಡಿ ಎನ್ನುವುದು ನನ್ನ ಸಲಹೆ.

ಮೊದಲೇ ಕೊಂಡ ಫೋನಿನಲ್ಲಿ 6 ಗಿಗಾಹರ್ಟ್ಸ್ ಕಾಣುತ್ತಿಲ್ಲವಲ್ಲ?

ನಿಯಮ ಬರುವ ಮೊದಲು ಇಲ್ಲಿ ಮಾರಿದ ಸಾಧನಗಳಲ್ಲಿ ಆ ಬ್ಯಾಂಡನ್ನು ಸಾಫ್ಟ್‌ವೇರಿನಲ್ಲೇ ಮುಚ್ಚಿರುವುದುಂಟು. ಒಳಗೆ ರೇಡಿಯೊ ಇದ್ದರೂ ತಯಾರಕರು ಅಪ್‌ಡೇಟ್ ಕೊಟ್ಟರಷ್ಟೇ ತೆರೆಯುತ್ತದೆ. ಕಂಪ್ಯೂಟರಿನಲ್ಲಿ ವಿಂಡೋಸ್ 10 ಇದ್ದರೆ 6 ಗಿಗಾಹರ್ಟ್ಸ್ ಸಿಗುವುದಿಲ್ಲ. ವಿಂಡೋಸ್ 11 ಬೇಕು, ವೈ-ಫೈ 7ಕ್ಕೆ ಅದರ 24ಎಚ್2 ಆವೃತ್ತಿ.

ಅಮೆರಿಕದಲ್ಲಿರುವ ಮಗ ರೌಟರ್ ತರುತ್ತೇನೆ ಅನ್ನುತ್ತಾನೆ. ತರಿಸಿಕೊಳ್ಳಲೇ?

ಬೇಡ. ಅಲ್ಲಿನ ರೌಟರ್ 6425ರ ಮೇಲಿನ ಭಾಗವನ್ನೂ ಬಳಸುತ್ತದೆ. ಇಲ್ಲಿ ಆ ಭಾಗವನ್ನು ವೈ-ಫೈಗೆ ಕೊಟ್ಟಿಲ್ಲ. ಅಲ್ಲಿ ಮಾರುವ ಅನೇಕ ಮಾದರಿಗಳಲ್ಲಿ ದೇಶ ಬದಲಾಯಿಸಲು ಬರುವುದಿಲ್ಲ. ಇಲ್ಲಿ ಮಾರುವ ವೈರ್‌ಲೆಸ್ ಸಾಧನಗಳಿಗೆ ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗದ ಒಪ್ಪಿಗೆ ಇರುತ್ತದೆ. ವಾರಂಟಿಯೂ ಇಲ್ಲೇ ಸಿಗುತ್ತದೆ.

ನಮ್ಮದು ಹಳೆಯ ಕಲ್ಲಿನ ಗೋಡೆಯ ಮನೆ. ವೈ-ಫೈ 7 ಗೋಡೆ ದಾಟುತ್ತದೆಯೇ?

ಗೋಡೆ ದಾಟುವುದರಲ್ಲಿ ವೈ-ಫೈ 7ಕ್ಕೆ ಹೊಸ ಬಲವೇನೂ ಬಂದಿಲ್ಲ. ಆವರ್ತನ ಏರಿದಷ್ಟೂ ಗೋಡೆ ಹೆಚ್ಚು ನುಂಗುತ್ತದೆ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, 6ರದ್ದು ಸುಮಾರು 5. ಹೊಸ ಬ್ಯಾಂಡ್ ಸ್ವಚ್ಛವಾಗಿದೆ, ಆದರೆ ಹೆಚ್ಚು ದೂರ ಹೋಗುವುದಿಲ್ಲ.

ಅಮೆರಿಕದ ಮನೆಗಳ ಒಳಗೋಡೆ ಬಹುಪಾಲು ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ ಹೊಡೆದದ್ದು. ಅಲ್ಲಿನವರ ವಿಡಿಯೊ ನೋಡಿ ‘ಒಂದೇ ರೌಟರ್ ಇಡೀ ಮನೆಗೆ ಸಾಕು’ ಎಂದು ನಂಬಿ ಇಲ್ಲಿ ಕೊಂಡವರು ನಿರಾಶರಾಗುತ್ತಾರೆ. ನಮ್ಮಲ್ಲಿ ಕರಾವಳಿಯ ಕೆಂಪುಕಲ್ಲಿನ ಗೋಡೆ, ಬಯಲುಸೀಮೆಯ ಸೈಜುಗಲ್ಲು, ಮಲೆನಾಡಿನ ಹಳೆಮನೆಗಳ ದಪ್ಪ ಮಣ್ಣಿನ ಗೋಡೆ. ಮಳೆಗಾಲದಲ್ಲಿ ನೀರು ಕುಡಿದ ಗೋಡೆ ಇನ್ನೂ ಹೆಚ್ಚು ನುಂಗುತ್ತದೆ. ಊರೊಳಗಿನ ಮನೆಗಳಲ್ಲಿ ಕಬ್ಬಿಣ ಕಟ್ಟಿದ ಆರ್‌ಸಿಸಿ ಛಾವಣಿ. ಕೆಳಗಿನ ರೌಟರ್ ಮೊದಲ ಮಹಡಿಗೆ ಸಾಲದಿರುವುದಕ್ಕೆ ಅದೇ ಕಾರಣ. ಕಬ್ಬಿಣದ ಬೀರು, ದೊಡ್ಡ ಕನ್ನಡಿ, ಫ್ರಿಜ್, ನೀರಿನ ಸಿಂಟೆಕ್ಸ್, ಇವುಗಳ ಹಿಂದೆ ನೆರಳು ಬೀಳುತ್ತದೆ.

ಇನ್ನೊಂದು ನೋವಿನ ಸಂಗತಿ. ಫೈಬರ್ ಎಳೆಯಲು ಬಂದವರು ಎಲ್ಲಿಂದ ಕೇಬಲ್ ಒಳಗೆ ಬಂತೋ ಅಲ್ಲೇ, ಮುಂಬಾಗಿಲ ಮೂಲೆಯಲ್ಲಿ, ಟಿವಿ ಶೋಕೇಸಿನ ಹಿಂದೆ ರೌಟರ್ ಕೂರಿಸಿ ಹೋಗುತ್ತಾರೆ. ಅರ್ಧ ಸಿಗ್ನಲ್ ರಸ್ತೆಗೆ. ಅವರು ಬಂದ ದಿನವೇ ಹೇಳಿ, ಫೈಬರನ್ನು ಮನೆಯ ನಡುವಿನ ತನಕ ಎಳೆಸಿ. ರೌಟರ್ ಎದೆಮಟ್ಟಕ್ಕಿಂತ ಮೇಲೆ, ತೆರೆದ ಜಾಗದಲ್ಲಿ ಇರಲಿ. ಇದಕ್ಕೆ ಹೆಚ್ಚು ಖರ್ಚಿಲ್ಲ, ಎಷ್ಟೋ ಮನೆಗಳಲ್ಲಿ ಹೊಸ ರೌಟರಿನ ಅಗತ್ಯವೇ ಬೀಳುವುದಿಲ್ಲ.

ಎಕ್ಸ್‌ಟೆಂಡರ್ ಸಾಕೇ, ಮೆಶ್ ಬೇಕೇ?

ಅಗ್ಗದ ಎಕ್ಸ್‌ಟೆಂಡರ್ ಕೇಳಿಸಿಕೊಂಡದ್ದನ್ನೇ ಅದೇ ಚಾನೆಲ್ಲಿನಲ್ಲಿ ಮತ್ತೆ ಹೇಳುತ್ತದೆ. ಒಂದೇ ಮಾತಿಗೆ ಎರಡು ಸಲ ಗಾಳಿ ಬೇಕು, ವೇಗ ಅರ್ಧಕ್ಕೆ ಇಳಿಯುತ್ತದೆ. ಎರಡು ಮೂರು ಘಟಕಗಳು ಸೇರಿ ಒಂದೇ ಜಾಲವಾಗಿ ಕೆಲಸ ಮಾಡುವ ಮೆಶ್ ಕಿಟ್ ಅದಕ್ಕಿಂತ ಉತ್ತಮ. ಇಡೀ ಮನೆಗೆ ಒಂದೇ ಹೆಸರು, ನಡೆದಾಡಿದರೂ ಫೋನ್ ಹತ್ತಿರದ ಘಟಕಕ್ಕೆ ತಾನಾಗಿ ಹೋಗುತ್ತದೆ. ವೈ-ಫೈ 7 ಮೆಶ್‌ನಲ್ಲಿ ಘಟಕಗಳ ನಡುವಿನ ಮಾತಿಗೂ ಎಂಎಲ್‌ಒ ಇರುವುದರಿಂದ ಹಿಂದಿಗಿಂತ ಸುಧಾರಿಸಿದೆ.

ಆದರೆ ಎರಡು ಘಟಕಗಳ ನಡುವೆ ಕಲ್ಲಿನ ಗೋಡೆಯೋ ಆರ್‌ಸಿಸಿಯೋ ಇದ್ದರೆ ಆ ದುಬಾರಿ ಮೆಶ್ ಕೂಡ ಸೋಲುತ್ತದೆ. ಅಲ್ಲಿ ಗೆಲ್ಲುವುದು ಕೇಬಲ್. ಮುಖ್ಯ ರೌಟರಿನಿಂದ ಮೇಲಿನ ಮಹಡಿಗೆ ಒಂದು ಕ್ಯಾಟ್6 ಲ್ಯಾನ್ ಕೇಬಲ್ ಎಳೆದು ಅದರ ತುದಿಗೆ ಒಂದು ಆಕ್ಸೆಸ್ ಪಾಯಿಂಟ್ (ಕೇಬಲ್ಲಿನಲ್ಲಿ ಬಂದದ್ದನ್ನು ವೈ-ಫೈ ಆಗಿ ಹರಡುವ ಡಬ್ಬಿ) ಹಾಕಿದರೆ, ಅದು ಸಾಧಾರಣ ವೈ-ಫೈ 6 ಆಗಿದ್ದರೂ, ಗೋಡೆಯಾಚೆಯಿಂದ ಏದುಸಿರು ಬಿಡುವ ವೈ-ಫೈ 7 ಮೆಶ್‌ಗಿಂತ ಎಷ್ಟೋ ಮೇಲು. ಈ ಪುಟದಿಂದ ಒಂದೇ ಮಾತು ತೆಗೆದುಕೊಂಡು ಹೋಗುವುದಾದರೆ ಇದನ್ನೇ ತೆಗೆದುಕೊಳ್ಳಿ.

ಹೊಸ ಮನೆ ಕಟ್ಟಿಸುತ್ತಿದ್ದೇವೆ. ಈಗಲೇ ಏನು ಮಾಡಿಸಬೇಕು?

ಗೋಡೆಗೆ ಗಾರೆ ಬೀಳುವ ಮೊದಲು ಎಲೆಕ್ಟ್ರಿಷಿಯನ್‌ಗೆ ಹೇಳಿ, ಕರೆಂಟ್ ವೈರಿನ ಪೈಪಿಗಿಂತ ಬೇರೆಯಾಗಿ ನೆಟ್‌ವರ್ಕಿಗೆ ಒಂದು ಪೈಪ್ ಹಾಕಿಸಿ. ಒಂದೇ ಪೈಪಿನಲ್ಲಿ ಎರಡನ್ನೂ ತೂರಿಸಲು ಬಿಡಬೇಡಿ, ಅದು ಅಪಾಯ, ತೊಡಕೂ ಹೌದು. ಎಲ್ಲ ಪೈಪುಗಳೂ ಒಂದು ಜಾಗದಲ್ಲಿ ಕೂಡಲಿ, ಅಲ್ಲಿ ಯುಪಿಎಸ್ ಲೈನಿನ ಎರಡು ಪ್ಲಗ್ ಪಾಯಿಂಟ್ ಇರಲಿ. ಪ್ರತಿ ಮಹಡಿಯ ನಡುಭಾಗದ ಛಾವಣಿಗೆ ಒಂದು, ಟಿವಿಯ ಹಿಂದೆ ಒಂದು, ಓದುವ ಮೇಜಿನ ಹತ್ತಿರ ಒಂದು, ಗೇಟಿನ ಕ್ಯಾಮೆರಾಗೆ ಒಂದು ಕೊನೆ ಹೋಗಲಿ.

ಕೇಬಲ್ ಕ್ಯಾಟ್6 ಇದ್ದರೆ ಸಾಕು, 55 ಮೀಟರ್ ತನಕ 10 ಗಿಗಾಬಿಟ್ ಹೊರುತ್ತದೆ. ಕೊಳ್ಳುವಾಗ ಪೂರ್ತಿ ತಾಮ್ರದ್ದೇ ಎಂದು ಖಚಿತಪಡಿಸಿಕೊಳ್ಳಿ. ಅಲ್ಯೂಮಿನಿಯಂಗೆ ತಾಮ್ರ ಲೇಪಿಸಿದ ಅಗ್ಗದ ಕೇಬಲ್ ಮಾರುಕಟ್ಟೆಯಲ್ಲಿ ಧಾರಾಳವಾಗಿದೆ. ಅದು ಬೇಗ ಮುರಿಯುತ್ತದೆ, ಕೇಬಲ್ಲಿನಲ್ಲೇ ಕರೆಂಟ್ ಕಳಿಸುವ ಸಾಧನಗಳಿಗೆ ಬಳಸಿದರೆ ಬಿಸಿಯಾಗುತ್ತದೆ. ರೌಟರ್ ಕೆಲವು ವರ್ಷಕ್ಕೆ ಹಳತಾಗುತ್ತದೆ. ಗೋಡೆಯೊಳಗಿನ ಪೈಪ್ ಮನೆಯಿರುವಷ್ಟು ಕಾಲ ಇರುತ್ತದೆ.

ಹಳೆಯ ಫೋನ್, ಸ್ಮಾರ್ಟ್ ಬಲ್ಬ್, ಕ್ಯಾಮೆರಾ ಹೊಸ ರೌಟರಿಗೆ ಸೇರುತ್ತವೆಯೇ?

ಹಳೆಯ ಸಾಧನ ಹಳೆಯ ವೇಗದಲ್ಲೇ ಸೇರುತ್ತದೆ. ಸಿಕ್ಕು ಬರುವುದು ಪಾಸ್‌ವರ್ಡಿನ ಭದ್ರತೆಯಲ್ಲಿ. ಡಬ್ಲ್ಯೂಪಿಎ2 ಎಂಬ ಭದ್ರತಾ ವಿಧಾನದಲ್ಲಿ 2017ರಲ್ಲಿ ‘ಕ್ರ್ಯಾಕ್’ ಎಂಬ ದೋಷ ಬಯಲಾಯಿತು, ಮರುವರ್ಷ ಡಬ್ಲ್ಯೂಪಿಎ3 ಬಂತು. 6 ಗಿಗಾಹರ್ಟ್ಸ್‌ಗೂ ಎಂಎಲ್‌ಒಗೂ ಡಬ್ಲ್ಯೂಪಿಎ3 ಕಡ್ಡಾಯ. ಬಲ್ಬು, ಪ್ರಿಂಟರು, ಹಳೆಯ ಕ್ಯಾಮೆರಾಗಳಿಗೆ ಬಹುಪಾಲು 2.4 ಗಿಗಾಹರ್ಟ್ಸ್, ಡಬ್ಲ್ಯೂಪಿಎ2 ಮಾತ್ರ ಗೊತ್ತು. ಅವುಗಳಿಗಾಗಿ ಇಡೀ ಮನೆಯ ಭದ್ರತೆ ಇಳಿಸಬೇಡಿ. ರೌಟರಿನಲ್ಲಿ ಅವಕ್ಕೆಂದೇ 2.4ರ ಬೇರೆ ಹೆಸರಿನ ಜಾಲ ಮಾಡಿ. ಕ್ಯಾಮೆರಾ ಹ್ಯಾಕ್ ಆದರೂ ನಿಮ್ಮ ಲ್ಯಾಪ್‌ಟಾಪ್ ತನಕ ದಾರಿ ಸಿಗದ ಹಾಗೆ ಅದನ್ನು ಪ್ರತ್ಯೇಕಿಸಿ.

ಕರೆಂಟ್ ಹೋದಾಗ?

ರೌಟರಿಗೊಂದು ಚಿಕ್ಕ 12 ವೋಲ್ಟ್ ಯುಪಿಎಸ್ ಸಾಕು. ಫೈಬರ್ ಬಂದು ಸೇರುವ ಸಾಧನ, ಓಎನ್‌ಟಿ, ಬೇರೆ ಡಬ್ಬಿಯಾಗಿದ್ದರೆ ಅದಕ್ಕೂ ಬೇಕು ಎಂಬುದನ್ನು ಮರೆಯಬೇಡಿ. ಮೂರು ಬ್ಯಾಂಡಿನ ವೈ-ಫೈ 7 ರೌಟರುಗಳು ಹೆಚ್ಚು ಕರೆಂಟ್ ಎಳೆಯುತ್ತವೆ, ಅಡಾಪ್ಟರ್ ಮೇಲಿನ ಆಂಪಿಯರ್ ನೋಡಿಯೇ ಯುಪಿಎಸ್ ಆರಿಸಿ.

ಮೂವತ್ತು ಜನರ ಆಫೀಸಿಗೆ ಹೇಗೆ ಯೋಚಿಸಬೇಕು?

ಮನೆಯ ರೌಟರನ್ನೇ ದೊಡ್ಡದಾಗಿ ಕೊಂಡರೆ ಆಫೀಸಾಗುವುದಿಲ್ಲ. ಛಾವಣಿಗೆ ಕೂರಿಸುವ ಎರಡು ಮೂರು ಆಕ್ಸೆಸ್ ಪಾಯಿಂಟ್ ಇರಲಿ, ಅವು ಜನ ಕೂರುವ ಜಾಗದ ಮೇಲೆಯೇ ಇರಲಿ. ವರಾಂಡದಲ್ಲಿ ಸಾಲಾಗಿ ಹಾಕುವ ರೂಢಿ ಇದೆ. ಆಗ ಅವು ಒಂದನ್ನೊಂದು ಸ್ಪಷ್ಟವಾಗಿ ಕೇಳಿಸಿಕೊಂಡು ಒಂದಕ್ಕೊಂದು ಕಾಯುತ್ತವೆ, ಕೋಣೆಯೊಳಗಿನವರಿಗೆ ಮಾತ್ರ ಸಿಗ್ನಲ್ ಮಂಕು.

ಚಾನೆಲ್ ಅಗಲ ಮಾಡುವ ಆಸೆ ಇಲ್ಲಿ ಬೇಡ. 5 ಗಿಗಾಹರ್ಟ್ಸ್‌ನಲ್ಲಿ 40 ಮೆಗಾಹರ್ಟ್ಸ್, 6ರಲ್ಲಿ 80 ಇಟ್ಟು ಪ್ರತಿ ಆಕ್ಸೆಸ್ ಪಾಯಿಂಟಿಗೂ ಬೇರೆ ಚಾನೆಲ್ ಕೊಟ್ಟರೆ ಎಲ್ಲರ ಕಾಲ್‌ಗಳೂ ಸರಾಗ. ಕಳಿಸುವ ಶಕ್ತಿಯನ್ನೂ ತಗ್ಗಿಸಿ. ಶಕ್ತಿ ಜಾಸ್ತಿಯಿದ್ದರೆ ಮೀಟಿಂಗ್ ಕೋಣೆಗೆ ಹೋದ ಲ್ಯಾಪ್‌ಟಾಪ್ ಹಳೆಯ ಆಕ್ಸೆಸ್ ಪಾಯಿಂಟನ್ನೇ ಕಚ್ಚಿ ಹಿಡಿದಿರುತ್ತದೆ.

ನೆಟ್‌ವರ್ಕ್ ಕೇಬಲ್‌ಗಳೆಲ್ಲ ಬಂದು ಸೇರುವ ಸ್ವಿಚ್ ಕಡೆ ಗಮನ ಕೊಡದೆ ಆಕ್ಸೆಸ್ ಪಾಯಿಂಟ್ ಮಾತ್ರ ಬದಲಿಸುವುದು ದುಡ್ಡು ದಂಡ. ಹಳೆಯ ಪಿಒಇ (ಕೇಬಲ್ಲಿನಲ್ಲೇ ಕರೆಂಟ್ ಕಳಿಸುವ) ಸ್ವಿಚ್ ಪೋರ್ಟಿಗೆ 15 ವಾಟ್ ಆಸುಪಾಸು ಕೊಡುತ್ತದೆ. ಮೂರು ಬ್ಯಾಂಡಿನ ವೈ-ಫೈ 7 ಆಕ್ಸೆಸ್ ಪಾಯಿಂಟಿಗೆ ಕಡೇಪಕ್ಷ 30 ವಾಟ್‌ನ 802.3ಎಟಿ ಪಿಒಇ, ದೊಡ್ಡವಕ್ಕೆ ಇನ್ನೂ ಹೆಚ್ಚು ಶಕ್ತಿಯ 802.3ಬಿಟಿ ಬೇಕಾಗುತ್ತದೆ. ಶಕ್ತಿ ಸಾಲದಿದ್ದರೆ ಕೆಲವು ಮಾದರಿಗಳು ಸದ್ದಿಲ್ಲದೆ ಒಂದು ರೇಡಿಯೊ ಆರಿಸಿಬಿಡುತ್ತವೆ. ಪೋರ್ಟ್ 2.5 ಗಿಗಾಬಿಟ್‌ನದ್ದಿರಲಿ. ಅದಕ್ಕೆ ಗೋಡೆಯೊಳಗಿನ ಹಳೆಯ ಕ್ಯಾಟ್5ಇ ಕೇಬಲ್ಲೇ ಸಾಕು, ಹೊಸದಾಗಿ ಎಳೆಯಬೇಕಿಲ್ಲ.

ಭದ್ರತೆಗೆ ಬಂದರೆ, ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇದ್ದಾಗ ಕೆಲಸ ಬಿಟ್ಟು ಹೋದವರ ಫೋನಿನಲ್ಲೂ ಅದು ಉಳಿಯುತ್ತದೆ. ಒಬ್ಬೊಬ್ಬರಿಗೂ ಅವರದೇ ಲಾಗಿನ್ ಇರುವ 802.1ಎಕ್ಸ್ ವ್ಯವಸ್ಥೆ ಮಾಡಿಸಿ. ಬಂದು ಹೋಗುವವರ ಜಾಲವನ್ನು ಬೇರೆ ವಿಎಲ್‌ಎಎನ್‌ನಲ್ಲಿ, ಅಂದರೆ ಅದೇ ಸ್ವಿಚ್ಚಿನೊಳಗೆ ಪ್ರತ್ಯೇಕಿಸಿದ ಜಾಲದಲ್ಲಿ, ಇಡಿ.

ಮನೆಯಲ್ಲಿ ಮಗುವಿದೆ. ಇಷ್ಟು ಅಲೆಗಳಿಂದ ತೊಂದರೆ ಇಲ್ಲವೇ?

ವೈ-ಫೈ ಅಲೆಗಳು ಎಕ್ಸ್-ರೇ ಹಾಗೆ ಅಣುಗಳನ್ನು ಒಡೆಯುವಷ್ಟು ಶಕ್ತಿಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರಲ್ಲಿ ರೇಡಿಯೊ ಅಲೆಗಳನ್ನು ‘2ಬಿ’ ಗುಂಪಿನಲ್ಲಿಟ್ಟಿತು, ಅಂದರೆ ಸೀಮಿತ ಪುರಾವೆಯ ಮೇಲೆ ‘ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು’ ಎನ್ನುವ ವರ್ಗ. ಅದು ಮುಖ್ಯವಾಗಿ ಕಿವಿಗೊತ್ತಿ ಹಿಡಿಯುವ ಮೊಬೈಲ್ ಬಳಕೆಯ ಅಧ್ಯಯನಗಳನ್ನು ಆಧರಿಸಿತ್ತು. ರೌಟರ್ ದೂರವಿದ್ದಷ್ಟೂ ತೀವ್ರತೆ ಬಲು ಬೇಗ ಇಳಿಯುತ್ತದೆ, ದೂರ ಇಮ್ಮಡಿಯಾದರೆ ಕಾಲುಭಾಗಕ್ಕೆ. ಮನಸ್ಸಿಗೆ ಸಮಾಧಾನ ಬೇಕಿದ್ದರೆ ತೊಟ್ಟಿಲ ಪಕ್ಕ ಇಡಬೇಡಿ, ಹಾಲ್‌ನಲ್ಲಿಡಿ.

ವೈ-ಫೈ 8 ಬರುತ್ತದಂತೆ. ಕಾಯಲೇ?

802.11ಬಿಎನ್ ಎಂಬ ಹೆಸರಿನಲ್ಲಿ ಕೆಲಸ ನಡೆದಿದೆ, 2028ರ ಹೊತ್ತಿಗೆ ಮಾನದಂಡ ಮುಗಿಸುವ ಗುರಿ. ಗಮನಿಸಬೇಕಾದದ್ದು, ಅದರಲ್ಲಿ ಗರಿಷ್ಠ ವೇಗ ಏರಿಸುವ ಗುರಿಯೇ ಇಲ್ಲ. ಅದೇ 320 ಮೆಗಾಹರ್ಟ್ಸ್, ಅದೇ 4096-ಕ್ಯೂಎಎಂ. ದುರ್ಬಲ ಸಿಗ್ನಲ್ ಇರುವಲ್ಲೂ ಹೆಚ್ಚು ವೇಗ, ಕಡಿಮೆ ಕಾಯುವಿಕೆ, ಕಡಿಮೆ ಪ್ಯಾಕೆಟ್ ನಷ್ಟ, ಒಂದೊಂದರಲ್ಲೂ ಶೇ 25ರಷ್ಟು ಸುಧಾರಣೆ ಎಂಬುದು ಅದರ ಗುರಿ. ಅಕ್ಕಪಕ್ಕದ ಆಕ್ಸೆಸ್ ಪಾಯಿಂಟ್‌ಗಳು ಪರಸ್ಪರ ಮಾತಾಡಿಕೊಂಡು ಗಾಳಿ ಹಂಚಿಕೊಳ್ಳುವ ಏರ್ಪಾಡೂ ಅದರಲ್ಲಿದೆ.

ಈಗಿನ ರೌಟರ್ ವೈ-ಫೈ 6 ಆಗಿದ್ದು ತೊಂದರೆ ಕೊಡದಿದ್ದರೆ ಅದನ್ನೇ ಇಟ್ಟುಕೊಳ್ಳಿ, ಉಳಿದ ದುಡ್ಡನ್ನು ಕೇಬಲ್ಲಿಗೆ ಹಾಕಿ. ವೈ-ಫೈ 4 ಅಥವಾ 5ರ ರೌಟರ್ ಇದ್ದು, ಅಪಾರ್ಟ್‌ಮೆಂಟಿನಲ್ಲಿದ್ದು, ಮನೆಯಿಂದಲೇ ಕೆಲಸ ಮಾಡುವವರಾದರೆ ಕಾಯಬೇಡಿ. 6 ಗಿಗಾಹರ್ಟ್ಸ್ ಇರುವ, 2.5 ಗಿಗಾಬಿಟ್ ಪೋರ್ಟಿನ, ಎಷ್ಟು ವರ್ಷ ಭದ್ರತಾ ಅಪ್‌ಡೇಟ್ ಕೊಡುತ್ತೇವೆಂದು ಬರೆದುಕೊಟ್ಟ ವೈ-ಫೈ 7 ರೌಟರನ್ನು ಈಗಲೇ ಕೊಳ್ಳಿ.